ಬೋರಲು ಪೀಪಾಯಿ

ಇಲಾರಿಯೋನ್ ಪಸ್ಕಾರಿಯ ಮಾತು ಬಂದರೆ ನಮ್ಮೂರು ಸ್ಟ್ರಂಬೇನಿಯವರು ಮೊದಲು ಹೇಳುವುದು, ಅವನು ಸೂರಿಲ್ಲದ ಕಟ್ಟಡಕ್ಕೆ ಹನ್ನೊಂದು ವರ್ಷ ಬೀಗ ಹಾಕಿದ ಎಂಬುದನ್ನು. ಅದು ನಿಜ. ಎರಡನೆಯ ಮಾತನ್ನು ಯಾರೂ ಹೇಳುವುದಿಲ್ಲ. ಅದನ್ನು ನಾನು ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ಪಾಲೂ ಇದೆ.

ಸಾಮೂಹಿಕ ಬೇಸಾಯದ ಕಾಲದಲ್ಲಿ ಅವನು ಊರಾಚೆಯ ವಿಷದ ಉಗ್ರಾಣದ ಕಾವಲುಗಾರನಾಗಿದ್ದ. ಸೇಬಿನ ತೋಟಕ್ಕೆ, ದ್ರಾಕ್ಷಿಬಳ್ಳಿಗೆ, ಬೀಟ್ ಗೆಡ್ಡೆಗೆ ಹೊಡೆಯುವ ಪುಡಿ ಮತ್ತು ಎಣ್ಣೆಗಳೆಲ್ಲ ಅಲ್ಲಿರುತ್ತಿದ್ದವು. ಒಕ್ಕೂಟ ಮುರಿದು ಹೊಲ ಹಂಚಿಹೋದ ಮೇಲೆ ಅವನ ಸಂಬಳ ನಿಂತಿತು. ಊರವರು ಮೊದಲು ಹೆಂಚು ಇಳಿಸಿದರು, ಆಮೇಲೆ ತೊಲೆ, ಆಮೇಲೆ ಕಿಟಕಿಯ ಚೌಕಟ್ಟು, ಕೊನೆಗೆ ಹಿಂದಿನ ಗೋಡೆಯ ಕಲ್ಲು. ವಿಷವನ್ನು ಮಾತ್ರ ಯಾರೂ ಒಯ್ಯಲಿಲ್ಲ. ಕೊಳೆತ ಕಾಗದದ ಚೀಲಗಳಿಂದ ಅದು ನೆಲಕ್ಕೆ ಸುರಿದು, ಮಳೆಗೆ ಗಟ್ಟಿಯಾಗಿ, ಬೇಸಿಗೆಯಲ್ಲಿ ಮೈಲು ದೂರಕ್ಕೆ ನಾರುತ್ತಿತ್ತು. ಇಲಾರಿಯೋನ್ ದಿನಾ ಬೆಳಿಗ್ಗೆ ಹೋಗಿ, ನಿಂತಿದ್ದ ಎರಡು ಗೋಡೆಗಳ ನಡುವಿನ ಬಾಗಿಲನ್ನು ಎಳೆದು ನೋಡಿ, ಬೀಗ ಭದ್ರವಿದೆಯೆಂದು ತಿಳಿದ ಮೇಲೆಯೇ ತನ್ನ ಬಳ್ಳಿಗಳ ಕಡೆ ಹೋಗುತ್ತಿದ್ದ.

ದಾರಿಯಲ್ಲಿ ಬಾತುಕೋಳಿ ಮೇಯಿಸುತ್ತಿದ್ದ ಜೆನೋವ್ಯ ಅಜ್ಜಿ ಕೆಣಕುತ್ತಿದ್ದಳು. "ಸರಿಯಾಗಿ ಹಾಕಪ್ಪಾ ಬೀಗ. ಗಾಳಿ ಗೀಳಿ ಒಳಗೆ ನುಗ್ಗೀತು."

"ಗಾಳಿ ಕದಿಯಲ್ಲ ಅಜ್ಜಿ. ಕದಿಯೋರಿಗೆ ಎರಡು ಕಾಲಿರ್ತವೆ. ನಿನ್ನ ಕೋಳಿಗೂಡಿನ ಹೆಂಚು ಎಲ್ಲೀದು ಅಂತ ಕೇಳ್ಲಾ?"

ಅಜ್ಜಿ ಬಾತುಗಳನ್ನು ಬೈಯುತ್ತ ಆಚೆ ನಡೆಯುತ್ತಿದ್ದಳು.

ಹೀಗೆ ನಕ್ಕರೂ ಊರು ಅವನನ್ನು ನಂಬಿತ್ತು. ತಮ್ಮ ಮಕ್ಕಳಿಗೆ ಚರ್ಚಿನ ಸ್ನಾನದೀಕ್ಷೆಯಲ್ಲಿ ಹೊಣೆ ಹೊರುವ ಜ್ಞಾನಪಿತ ಯಾರಾಗಬೇಕೆಂಬ ಪ್ರಶ್ನೆ ಬಂದಾಗ ಐದು ಮನೆಗಳವರು ಅವನ ಬಾಗಿಲು ತಟ್ಟಿದ್ದರು. ಆ ಮಕ್ಕಳಲ್ಲಿ ನಾನೊಬ್ಬಳು. ನನಗೆ ವರ್ಷ ತುಂಬಿದಾಗ ತಲೆಯ ಮೊದಲ ಕೂದಲನ್ನು ಕತ್ತರಿಸಿದ್ದು ಅವನೇ. ನನ್ನಪ್ಪ ಸೆರಫಿಮ್ ಅಂದಿನಿಂದ ಅವನನ್ನು ನೆಂಟನೆಂಬಂತೆ ಬೀಗ ಎಂದು ಕರೆದ; ನಾನು ಮಾವ ಎಂದೆ.

ನಾನು ಓದನ್ನು ಒಂದು ವರ್ಷದ ಮಟ್ಟಿಗೆ ನಿಲ್ಲಿಸಿ ಊರಿಗೆ ಬಂದಿದ್ದ ಬೇಸಿಗೆಯ ಕೊನೆಗೆ, ನೇಟೋ ಬರುತ್ತದೆಂಬ ಸುದ್ದಿ ಹಬ್ಬಿತು. ನಮ್ಮದು ಯಾವ ಸೇನಾಕೂಟಕ್ಕೂ ಸೇರುವುದಿಲ್ಲವೆಂದು ಸಂವಿಧಾನದಲ್ಲಿಯೇ ಬರೆದುಕೊಂಡ ದೇಶ. ಸೇರದೆಯೂ ಕೈಜೋಡಿಸಬಹುದೆಂಬ ಒಪ್ಪಂದವೊಂದು ರಾಜಧಾನಿಯಲ್ಲಿ ಆಗಿತ್ತಂತೆ. ನಮ್ಮೂರಿನ ಮಟ್ಟಿಗೆ ಅದರ ಅರ್ಥ ಇಷ್ಟೇ: ಕೂಟದ ದೇಶಗಳು ಪೀಪಾಯಿ, ಉಡುಪು, ಹಣ ಕೊಡುತ್ತವೆ, ನಮ್ಮ ಸೈನಿಕರು ವಿಷವನ್ನು ತುಂಬಿ ಮುಚ್ಚುತ್ತಾರೆ, ಅದು ದೂರದ ಕುಲುಮೆಯೊಂದಕ್ಕೆ ಹೋಗಿ ಸುಟ್ಟುಹೋಗುತ್ತದೆ. ಊರಿನ ಅಧ್ಯಕ್ಷೆ ದೊಮ್ನಿಕಾ ಇದನ್ನು ವಿವರಿಸಲು ಸಭೆ ಕರೆದಳು.

"ಟ್ಯಾಂಕು ಬರತ್ತಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಬರಲ್ಲ."

"ವಿಮಾನ?"

"ಅದೂ ಬರಲ್ಲ. ಖಾಲಿ ಪೀಪಾಯಿ ಬರ್ತವೆ."

"ಅಯ್ಯೋ ನನ್ನ ಕರ್ಮವೇ," ಎಂದಳು ಜೆನೋವ್ಯ ಅಜ್ಜಿ, "ಅರ್ಧ ಲೋಕ ಹೆದರಿಸೋ ಸೈನ್ಯ ಅಂತಾರೆ. ನಮ್ಮೂರಿಗೆ ಬರೋವಾಗ ಡಬ್ಬಿ ಹೊತ್ಕೊಂಡು ಬರ್ತಾರಾ!"

ಸಭೆಯೆಲ್ಲ ನಕ್ಕಿತು. ಇಲಾರಿಯೋನ್ ಮಾತ್ರ ನಗಲಿಲ್ಲ. ಅವನು ಎದ್ದು ನಿಂತು ಟೋಪಿ ತೆಗೆದ. "ಯಾವ ಮೂಲೇಲಿ ಯಾವ ವಿಷ ಐತೆ ಅಂತ ನಂಗೊಬ್ಬನಿಗೇ ಗೊತ್ತಿರೋದು. ಬರ್ಲಿ, ತೋರಿಸ್ತೀನಿ," ಎಂದ. ಹನ್ನೊಂದು ವರ್ಷ ಯಾರೂ ಕೇಳದಿದ್ದ ಪ್ರಶ್ನೆಗೆ ಉತ್ತರ ಹೇಳಿದಂತಿತ್ತು ಆ ಧ್ವನಿ.

ಸೆಪ್ಟೆಂಬರಿನ ಮೊದಲ ವಾರ ಲಾರಿಗಳು ಬಂದವು. ಜೊತೆಗೆ ನಮ್ಮ ಸೇನೆಯ ಕ್ಯಾಪ್ಟನ್ ಗಿಸ್ಕ, ಅವನ ಹದಿನಾಲ್ಕು ಮಂದಿ ಸೈನಿಕರು, ಕೂಟದ ಕಡೆಯಿಂದ ಯೋರಿಸ್ ಎಂಬ ಬೆಲ್ಜಿಯಮ್ಮಿನ ಎಂಜಿನಿಯರು. ಇಲಾರಿಯೋನನಿಗೆ ಹಗಲು ಕಾವಲಿನ ಕೆಲಸ ಸಿಕ್ಕಿತು. ಪೀಪಾಯಿಗಳ ಮೇಲಿನ ಅಂಟುಚೀಟಿ ಬರೆಯುವುದು ಮತ್ತು ಯೋರಿಸನ ಮಾತನ್ನು ನಮ್ಮವರಿಗೆ ದಾಟಿಸುವುದು ನನ್ನ ಕೆಲಸ.

ಆ ಪೀಪಾಯಿಗಳನ್ನು ನೋಡಿದ ದಿನವೇ ಊರಿನ ನಿದ್ದೆ ಕೆಟ್ಟಿತು. ಇನ್ನೂರು ಲೀಟರಿನವು, ನೀಲಿ, ಅಗಲ ಬಾಯಿ, ಉಕ್ಕಿನ ಬಳೆ, ಗಾಳಿಯೂ ನುಸುಳದ ಮುಚ್ಚಳ. ಬಂದದ್ದಾದರೂ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ. ಯಾವ ಮನೆಯಲ್ಲೂ ಪಾತ್ರೆ ಸಾಲದ ಸಮಯ ಅದು. ರಸ ಹುದುಗಲು ಒಂದು, ಎಲೆಕೋಸು ಉಪ್ಪಿನಲ್ಲಿ ಹಾಕಲು ಒಂದು, ಟೊಮೇಟೊಗೆ ಒಂದು. ಹೆಂಗಸರು ಉಗ್ರಾಣದ ದಾರಿಯಲ್ಲಿ ನೆಪ ಹುಡುಕಿ ಓಡಾಡಿದರು.

"ಇಲಾರಿಯೋನಣ್ಣಾ, ಒಂದೇ ಒಂದು. ವಿಷಕ್ಕ್ಯಾಕೆ ಅಷ್ಟು ಚೆಂದದ ಪಾತ್ರೆ?"

"ನಿನ್ನ ಎಲೆಕೋಸಿಗಿಂತ ಈ ವಿಷಕ್ಕೆ ಮರ್ಯಾದೆ ಜಾಸ್ತಿ ತಾಯಿ. ನಡೀ."

ಅಪ್ಪನೂ ಕೇಳಿದ್ದ. ತನ್ನ ಕುದುರೆಗಾಡಿಯಲ್ಲಿ ಪೀಪಾಯಿಗಳನ್ನು ರಸ್ತೆಯಿಂದ ಉಗ್ರಾಣಕ್ಕೆ ಸಾಗಿಸುವ ಕೆಲಸ ಅವನದಾಗಿತ್ತು. ಬೀಗ ಇಲಾರಿಯೋನ್ ಕೊಡುವುದಿಲ್ಲವೆಂದ. ಒಂದು ಭಾನುವಾರ, ಪ್ರಾರ್ಥನೆ ಮುಗಿಸಿ ಜನ ಸೇತುವೆ ದಾಟುತ್ತಿದ್ದಾಗ, ಇಲಾರಿಯೋನ್ ಅಪ್ಪನ ಗಾಡಿಗೆ ಅಡ್ಡ ನಿಂತ. ಗಾಡಿಯ ಹುಲ್ಲು ಸರಿಸಿದ. ಹುಲ್ಲಿನಡಿ ಹೊಸ ನೀಲಿ ಪೀಪಾಯಿಯಿತ್ತು. ಅದನ್ನು ಅವನು ಕೆಳಗೆ ಉರುಳಿಸಿದ. ಅದು ಟೊಳ್ಳು ಸದ್ದು ಮಾಡುತ್ತ ಸೇತುವೆಯ ಉದ್ದಕ್ಕೂ ಜನರ ಕಾಲ ಬಳಿ ಹೋಗಿ ನಿಂತಿತು.

"ನೋಡ್ರಪ್ಪಾ," ಎಂದ ಇಲಾರಿಯೋನ್, "ಇವನು ನನ್ನ ಬೀಗ. ಇವನ ಮಗಳ ಕೂದಲು ನಾನೇ ಕತ್ತರಿಸಿದ್ದು."

"ಖಾಲಿ ಪೀಪಾಯಿ ಕಣೋ," ಎಂದ ಅಪ್ಪ ಮೆಲ್ಲಗೆ. "ಕೆಳಗಿಳಿಸಿ ಬೈಯ್ಬಹುದಿತ್ತು. ಒಳಗೆ ಕರೆದು ಬೈಯ್ಬಹುದಿತ್ತು."

"ಕದಿಯೋನಿಗೆ ಒಳಗೆ ಏನು, ಹೊರಗೆ ಏನು."

ಅಪ್ಪ ಮೂರು ವಾರ ಚರ್ಚಿಗೆ ಹೋಗಲಿಲ್ಲ. ನನಗೆ ಅಪ್ಪನ ಮೇಲೆ ನಾಚಿಕೆಯಾಯಿತು. ಮಾವನ ಮೇಲೆ ಸಿಟ್ಟು ಬರಲಿಲ್ಲ. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ.

ಮುಂದಿನದನ್ನು ಇಲಾರಿಯೋನನೇ ಎಷ್ಟೋ ಕಾಲದ ಮೇಲೆ ನನಗೆ ಹೇಳಿದ್ದು. ಅಕ್ಟೋಬರಿನಲ್ಲಿ ಅವನ ಮನೆಯ ದ್ರಾಕ್ಷಿ ತುಳಿದಾಗಿತ್ತು. ರಸವನ್ನು ಓಕ್ ಮರದ ಪೀಪಾಯಿಗೆ ಸುರಿಯುತ್ತಿದ್ದಂತೆ ಅದರ ಕೆಳಗಿನ ಕಬ್ಬಿಣದ ಪಟ್ಟಿ ಹರಿದು ಹಲಗೆಗಳು ಬಿಚ್ಚಿಕೊಂಡವು. ಅದು ಅವನ ಹೆಂಡತಿಯ ತಂದೆಯ ಕಾಲದ ಪೀಪಾಯಿ. ಉಳಿದ ರಸ ಬಾಯಿ ತೆರೆದ ಬಾನಿಯಲ್ಲಿತ್ತು; ಎರಡು ದಿನ ಹಾಗೆ ಬಿಟ್ಟರೆ ಕೆಟ್ಟಂತೆಯೇ. ಹೆಂಡತಿ ಪ್ರೊಫೀರ ಅಂಗಳದಲ್ಲೇ ಕುಳಿತುಬಿಟ್ಟಳು.

"ಊರೆಲ್ಲಾ ಕಿತ್ಕೊಂಡು ಬಂದು ಮನೆ ಕಟ್ಕೊಂಡ್ರು. ನೀನು ಕಾವಲು ಕಾದು ಏನು ಕಟ್ಟಿದೆ? ಹೋಗಿ ಆ ಕ್ಯಾಪ್ಟನ್ನನ್ನ ಕೇಳು. ಒಂದು ಪೀಪಾಯಿ. ಕೊಡ್ತಾನೆ."

ಕೇಳಿದ್ದರೆ ಕೊಡುತ್ತಿದ್ದನೇನೋ. ಆದರೆ ಕೇಳುವುದು ಅವನಿಂದಾಗಲಿಲ್ಲ. ಸೇತುವೆಯ ಮೇಲೆ ಬೀಗನ ಪೀಪಾಯಿಯನ್ನು ಉರುಳಿಸಿದವನು ಮೂರನೆಯ ವಾರಕ್ಕೆ ತನಗೊಂದು ಕೊಡಿ ಎಂದು ಟೋಪಿ ತೆಗೆಯುವುದು ಹೇಗೆ? ಕದಿಯುವುದಕ್ಕಿಂತ ಕೇಳುವುದೇ ಅವನಿಗೆ ಹೆಚ್ಚು ನಾಚಿಕೆಯಾಯಿತು. ಮಧ್ಯಾಹ್ನ ಸೈನಿಕರು ಊಟಕ್ಕೆ ಕುಳಿತಾಗ ಅವನು ತಳ್ಳುಗಾಡಿಯೊಂದಿಗೆ ಉಗ್ರಾಣದ ಹಿಂದಕ್ಕೆ ಹೋದ. ಹೊಸ ಪೀಪಾಯಿಗಳೆಲ್ಲ ಸಾಲಾಗಿ ಬಾಯಿ ಮೇಲಾಗಿ ನಿಂತಿದ್ದವು. ಪಕ್ಕದಲ್ಲಿ ಐದು ಬೋರಲಾಗಿದ್ದವು.

ನಮ್ಮಲ್ಲಿ ತೊಳೆದ ಪಾತ್ರೆಯನ್ನು ಬೋರಲು ಹಾಕುತ್ತಾರೆ. ಪೀಪಾಯಿ ಬೋರಲಾಗಿದೆಯೆಂದರೆ ಬಿಸಿನೀರು, ಆಕ್ರೋಟಿನ ಎಲೆ ಹಾಕಿ ತಿಕ್ಕಿ, ತೊಳೆದು, ಒಣಗಲಿಟ್ಟಿದೆ, ರಸ ಸುರಿಯಲು ಸಿದ್ಧವಾಗಿದೆ ಎಂದರ್ಥ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಆದರೆ ಸೈನಿಕರು ಬೋರಲು ಹಾಕಿದ್ದರ ಅರ್ಥವೇ ಬೇರೆ. ವಿಷ ತುಂಬಿದ ಮೇಲೆ ಬಳೆ ಸೊಟ್ಟಗಾಗಿ ಮುಚ್ಚಳ ಕೂರದ ಪೀಪಾಯಿಗಳನ್ನು ಬರಿದು ಮಾಡಿ, ಮತ್ತೆ ಯಾರೂ ಬಳಸದಂತೆ ಬಾಯಿ ಕೆಳಗೆ ಮಾಡಿಟ್ಟಿದ್ದರು. ಕ್ಯಾಪ್ಟನ್ ಗಿಸ್ಕ ಇದನ್ನು ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಎರಡು ಸಲ ಹೇಳಿದ್ದ. ಇಲಾರಿಯೋನ್ ಮುಂದಿನ ಸಾಲಿನಲ್ಲಿ ನಿಂತು ತಲೆಯಾಡಿಸಿದ್ದ. ಕಿವಿ ಕೇಳಿತ್ತು, ಕೈ ಕೇಳಿರಲಿಲ್ಲ. "ಕದಿಯೋದೇ ಆದ್ರೆ ಶುದ್ಧವಾದ್ದನ್ನೇ ಕದಿಯೋಣ ಅಂದ್ಕೊಂಡೆ ಮಗಳೇ," ಎಂದು ಅವನು ನನಗೆ ಹೇಳಿದ್ದ. ಬೋರಲಾಗಿದ್ದ ಒಂದನ್ನು ಜೋಳದ ದಂಟಿನಡಿ ಮುಚ್ಚಿಕೊಂಡು ಮನೆಗೆ ತಂದು, ಒಂದು ಬಿಂದಿಗೆ ನೀರಿನಲ್ಲಿ ಅಲ್ಲಾಡಿಸಿ ಚೆಲ್ಲಿ, ರಸ ತುಂಬಿ, ನೆಲಮಾಳಿಗೆಯ ಮೂಲೆಯಲ್ಲಿಟ್ಟು ಹಳೆಯ ಕಂಬಳಿ ಹೊದಿಸಿದ.

ನವೆಂಬರಿನ ಆರಂಭದಲ್ಲಿ ಕೆಲಸ ಮುಗಿಯಿತು. ಕೊನೆಯ ದಿನ ಬೆಳಿಗ್ಗೆ ಬೀಳ್ಕೊಡುಗೆಗೆಂದು ಅರ್ಧ ಊರು ಉಗ್ರಾಣದ ಬಳಿ ಸೇರಿತ್ತು. ಕ್ಯಾಪ್ಟನ್ ಲಾರಿಯ ಮೆಟ್ಟಿಲು ಹತ್ತಿ ಹೇಳಿದ:

"ಬೋರಲು ಪೀಪಾಯಿ ಐದಿದ್ವು, ನಾಲ್ಕಿವೆ. ಹೊಸದು ಹೋಗಿದ್ರೆ ನಾನು ಬಾಯಿ ತೆರೀತಿರ್ಲಿಲ್ಲ, ನಾನೂ ಹಳ್ಳಿಯೋನೇ. ಆದ್ರೆ ಇದ್ರಲ್ಲಿ ಒಂದು ವಾರ ವಿಷದ ಪುಡಿ ಇತ್ತು. ತೊಳೆದ್ರೆ ಹೋಗೋದಲ್ಲ ಅದು. ಯಾರೇ ತಗೊಂಡಿರ್ಲಿ, ಅದ್ರಲ್ಲಿ ಏನೇ ಹಾಕಿರ್ಲಿ, ಬಾಯಿಗೆ ಇಡ್ಬೇಡಿ. ಬಂದು ಹೇಳಿ. ನಾನು ಯಾರನ್ನೂ ಹಿಡ್ಕೊಡಲ್ಲ."

ಆಮೇಲೆ ಒಂದೊಂದೇ ತಲೆ ತಿರುಗಿತು. ಎಲ್ಲವೂ ತಿರುಗಿದ್ದು ನನ್ನಪ್ಪನ ಕಡೆಗೆ.

"ಸೆರಫಿಮ್, ಹುಲ್ಲಿನ ಕೆಳಗೆ ಸರಿಯಾಗಿ ನೋಡಿದ್ಯೇನಪ್ಪಾ?" ಎಂದಳು ಜೆನೋವ್ಯ ಅಜ್ಜಿ.

ನಗು ಎದ್ದಿತು. ಇಲಾರಿಯೋನ್ ಅಪ್ಪನಿಂದ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನ ಮುಖ ಬಿಳಿಚಿದ್ದನ್ನು ನಾನು ಕಂಡೆ, ಬೀಗನಿಗಾಗಿ ಮರುಗುತ್ತಿದ್ದಾನೆಂದುಕೊಂಡೆ.

ಯಾರೂ ಒಪ್ಪಿಕೊಳ್ಳದ್ದರಿಂದ ಊರಿನ ಪೊಲೀಸನು ಹುಡುಕಲು ಹೊರಟು ಮೊದಲು ನಮ್ಮ ಮನೆಗೇ ಬಂದ. ಗುರುತು ಹೇಳಲು ಇಲಾರಿಯೋನನನ್ನು ಜೊತೆಗೆ ಕರೆತಂದಿದ್ದ. ಹಿಂದೆ ದೊಮ್ನಿಕಾ, ಕ್ಯಾಪ್ಟನ್, ಯೋರಿಸ್, ಜೊತೆಗೆ ಊರು. ನಮ್ಮ ಹಿತ್ತಿಲ ಕೊಟ್ಟಿಗೆಯಲ್ಲಿ ನೀಲಿ ಪೀಪಾಯಿಯೊಂದಿತ್ತು. ಅಮ್ಮ ಸಂತೆಯಲ್ಲಿ ಮೀನು ಮಾರುವವರಿಂದ ಕೊಂಡದ್ದು, ಎಲೆಕೋಸು ತುಂಬಿದ್ದು. ಅಮ್ಮ ಅದನ್ನೇ ಹೇಳುತ್ತ ಅಡ್ಡ ನಿಂತಳು. ಪೊಲೀಸನು ಅವಳನ್ನು ಸರಿಸಿ ಕೇಳಿದ:

"ಇಲಾರಿಯೋನಣ್ಣಾ, ಇದೇನಾ?"

ಒಂದು ಮಾತು ಸಾಕಿತ್ತು. ಅವನು ಪೀಪಾಯಿಯನ್ನು ನೋಡಿದ, ನೆಲ ನೋಡಿದ, ಸುಮ್ಮನಿದ್ದ. ಇಬ್ಬರು ಪೀಪಾಯಿಯನ್ನು ಓರೆ ಮಾಡಿದರು. ಚಳಿಗಾಲಕ್ಕೆಂದಿದ್ದ ಎಲೆಕೋಸು, ಸಬ್ಬಸಿಗೆ, ಕ್ಯಾರೆಟ್ಟು, ಉಪ್ಪುನೀರು ಅಂಗಳದ ಕೆಸರಿಗೆ ಹರಿಯಿತು. ಅಷ್ಟೆಲ್ಲ ಹರಿದ ಮೇಲೆ ಅವನ ಬಾಯಿ ತೆರೆಯಿತು.

"ಇದಲ್ಲ. ಇದರ ಬಳೆ ಬೇರೆ."

"ಹಾಗಾದ್ರೆ ಅದೆಲ್ಲಿ?" ಎಂದು ಪೊಲೀಸ ಅಪ್ಪನನ್ನು ಕೇಳಿದ. ಅಪ್ಪ ಕೆಸರಿನಲ್ಲಿ ಬಿದ್ದ ಎಲೆಕೋಸನ್ನೇ ನೋಡುತ್ತಿದ್ದ. ಆಗ ನಾನು, ಅವನ ಮಗಳು, ಎಲ್ಲರಿಗೂ ಕೇಳುವಂತೆ ಅಂದೆ:

"ಅಪ್ಪಾ, ಹೇಳ್ಬಿಡು. ಎಲ್ಲಿಟ್ಟಿದ್ದೀಯ?"

ಅಪ್ಪ ಅಷ್ಟು ಹೊತ್ತೂ ಎತ್ತದ ತಲೆಯನ್ನು ಎತ್ತಿ ನನ್ನನ್ನು ನೋಡಿದ.

ದೊಮ್ನಿಕಾಗೆ ಇದೆಲ್ಲ ಪರದೇಶದ ಯೋರಿಸನೆದುರು ನಡೆಯುತ್ತಿರುವುದೇ ಸಂಕಟವಾಗಿತ್ತು. "ಸಾಕು ನಿಲ್ಲಿಸ್ರಿ. ಪೀಪಾಯಿ ನಾಳೆ ಹುಡುಕೋಣ," ಎಂದಳು. "ಎರಡು ತಿಂಗಳು ನಮ್ಮ ಕಸ ಎತ್ತಿದೋರು ಹೀಗೆ ಮುಖ ಸಪ್ಪಗೆ ಮಾಡ್ಕೊಂಡು ಹೋಗ್ಬೇಕಾ? ಇಲಾರಿಯೋನನ ನೆಲಮಾಳಿಗೆಗೆ ನಡೀರಿ. ಸೆರಫಿಮ್, ನೀನೂ ಬಾ. ಇಬ್ಬರೂ ಒಂದೇ ಲೋಟದಲ್ಲಿ ಕುಡಿದು ಜಗಳ ಮುಗಿಸ್ರಿ."

"ಪೀಪಾಯಿ ಸಿಗೋವರೆಗೂ ನಾನು ಯಾರ ಮನೇದೂ ಕುಡಿಯಲ್ಲ," ಎಂದ ಕ್ಯಾಪ್ಟನ್.

"ಇವನ ಮನೇದು ಓಕ್ ಪೀಪಾಯಿ ಕ್ಯಾಪ್ಟನ್. ಹೆಂಡತಿ ಮನೆಯ ಬಳುವಳಿ. ಈ ಊರಲ್ಲಿ ಒಬ್ಬನ ಮನೇಲಿ ಕಣ್ಣು ಮುಚ್ಕೊಂಡು ಕುಡೀಬಹುದು ಅಂದ್ರೆ ಅದು ಇವನ ಮನೇಲಿ."

ಇಲಾರಿಯೋನ್ ಬೇಡವೆನ್ನಲಿಲ್ಲ. ಮನೆಗೆ ಬಂದವರಿಗೆ ದ್ರಾಕ್ಷಾರಸ ಇಲ್ಲವೆನ್ನುವ ಮಾತು ನಮ್ಮವರ ಬಾಯಲ್ಲಿ ಹುಟ್ಟುವುದೇ ಇಲ್ಲ. ನಾವು ಆರು ಮಂದಿ ಅವನ ಹಿಂದೆ ಮೆಟ್ಟಿಲಿಳಿದೆವು: ದೊಮ್ನಿಕಾ, ಕ್ಯಾಪ್ಟನ್, ಯೋರಿಸ್, ಪೊಲೀಸ, ಅಪ್ಪ, ನಾನು. ಕೆಳಗೆ ಒಂದೇ ಮೇಣದ ಬತ್ತಿ. ಅವನು ನಮಗೆ ಬೆನ್ನು ಮಾಡಿ, ಕಂಬಳಿಯ ಅಂಚು ಎತ್ತಿ, ಕೊಳವೆ ಇಳಿಸಿ ಬಾಯಲ್ಲಿ ಎಳೆದು, ಹೂಜಿ ತುಂಬಿಸಿದ. ಲೋಟ ಒಂದೇ, ಅದು ಕೈಯಿಂದ ಕೈಗೆ ಹೋಗಬೇಕು. ಮೊದಲು ಕುಡಿಯುವವನು ಮನೆಯ ಯಜಮಾನ, ತನ್ನ ರಸದಲ್ಲಿ ಕೆಡುಕಿಲ್ಲವೆಂದು ತೋರಿಸಲು.

ಅವನು ಲೋಟ ತುಂಬಿ, ಎಲ್ಲರಿಗೂ ಆರೋಗ್ಯವಾಗಲೆಂದು ಹೇಳಿ, ಒಂದೇ ಗುಟುಕಿಗೆ ಬರಿದು ಮಾಡಿದ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಎರಡನೆಯ ಸಲ ತುಂಬಿದ. ತುಂಬಿದ ಲೋಟವನ್ನು ಹಿಡಿದುಕೊಂಡೇ ನಿಂತ.

"ಹುಳಿಯಾಗಿದೆ," ಎಂದ. "ಕೊಡೋ ಹಂಗಿಲ್ಲ."

ದೊಮ್ನಿಕಾ ನಕ್ಕಳು. "ಹುಳಿಯಾಗಿದ್ರೆ ಮುಖ ಹಿಂಡ್ಬೇಕಿತ್ತು ಕಣಯ್ಯ. ನೀರು ಕುಡಿದಂಗೆ ಕುಡಿದ್ಯಲ್ಲ! ಜಿಪುಣತನ ಯಾವಾಗ ಕಲಿತೆ?"

"ಕೊಡು ಬೀಗ," ಎಂದ ಅಪ್ಪ. ಬೆಳಿಗ್ಗೆಯಿಂದ ಅವನಾಡಿದ ಮೊದಲ ಮಾತು ಅದು. "ನಮ್ಮನೆ ಎಲೆಕೋಸಿನ ನೀರು ಚೆಲ್ಲೋವಾಗ ಸುಮ್ನೆ ನಿಂತಿದ್ದೆ. ಹುಳಿಯಾದ್ರೆ ಆಗ್ಲಿ, ನಂಗೆ ಅದೇ ಸರಿ." ಅವನು ಕೈ ಚಾಚಿ ಲೋಟವನ್ನು ಇಲಾರಿಯೋನನ ಬೆರಳುಗಳಿಂದ ಬಿಡಿಸಿಕೊಂಡ, ತುಟಿಗೆ ಎತ್ತಿದ.

ಇಲಾರಿಯೋನ್ ಲೋಟಕ್ಕೆ ಹೊಡೆದ. ಅದು ಗೋಡೆಗೆ ಬಡಿದು ಒಡೆಯಿತು. ಅಪ್ಪನ ಅಂಗಿಯ ಎದೆ ಒದ್ದೆಯಾಯಿತು. ಅತಿಥಿಯ ಬಾಯಿಂದ ಲೋಟ ಹೊಡೆಯುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅಪ್ಪ ಎದೆಯನ್ನು ಒರೆಸಿಕೊಳ್ಳಲೂ ಇಲ್ಲ.

"ನಾನು ಮುಟ್ಟಿದ ಲೋಟ ಕೂಡಾ ನಿನಗೆ ಮೈಲಿಗೆ ಆಯ್ತಾ?" ಎಂದ.

ಇಲಾರಿಯೋನ್ ತಿರುಗಿ ಕಂಬಳಿಯನ್ನು ಪೂರ್ತಿ ಎಳೆದು ಹಾಕಿದ. ಮೇಣದ ಬೆಳಕಿನಲ್ಲಿ ನೀಲಿ ಕಪ್ಪಾಗಿ ಕಂಡಿತು. ಬಳೆ ಒಂದು ಕಡೆ ಸೊಟ್ಟಗಿತ್ತು.

"ನಾನೇ," ಎಂದ. "ತೊಳೆದಿದ್ದು ಅಂದ್ಕೊಂಡೆ. ಬೋರಲಾಗಿತ್ತು." ಯಾರನ್ನೂ ನೋಡದೆ ಸೇರಿಸಿದ: "ಬೆಳಿಗ್ಗೆ ಗೊತ್ತಾಯ್ತು. ಇವನ ಮನೆಗೆ ಹೋಗೋ ಮೊದ್ಲೇ ಗೊತ್ತಿತ್ತು."

ಯೋರಿಸ್ ನನ್ನ ತೋಳು ಮುಟ್ಟಿ, ಏನಂದ, ಏನಂದ ಎಂದು ಕೇಳಿದ. ದಾಟಿಸುವುದು ನನ್ನ ಕೆಲಸವಾಗಿತ್ತು. ಮೊದಲ ವಾಕ್ಯವನ್ನು ಹೇಳಿದೆ. ಕೊನೆಯದನ್ನು ಹೇಳದೆ ಬಿಟ್ಟೆ.

"ಎಷ್ಟು ದಿನದಿಂದ ಕುಡೀತಿದ್ದೀಯ?" ಎಂದು ಕ್ಯಾಪ್ಟನ್ ಅವನ ಭುಜ ಹಿಡಿದ.

"ಹತ್ತು ದಿನ. ರುಚಿ ನೋಡೋಕೆ. ಪ್ರೊಫೀರ ಕುಡಿಯಲ್ಲ, ಅವಳಿಗೆ ರಕ್ತದೊತ್ತಡ."

ಅವನನ್ನು ಅದೇ ಹೊತ್ತಿಗೆ ಸೇನೆಯ ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಒಯ್ದರು. ಬಿಳಿ ಉಡುಪಿನ ನಾಲ್ವರು ಸೈನಿಕರು ಮುಖವಾಡ ಹಾಕಿಕೊಂಡು ನೆಲಮಾಳಿಗೆಗಿಳಿದರು. ಇಲಾರಿಯೋನನ ಒಂದು ವರ್ಷದ ದ್ರಾಕ್ಷಾರಸ ಹೊಸ ಪೀಪಾಯಿಗಳಿಗೆ ತುಂಬಿ, ಮುಚ್ಚಿ, ಉಳಿದ ವಿಷದ ಜೊತೆ ಲಾರಿಗೇರಿತು. ಪ್ರೊಫೀರ ತಲೆವಸ್ತ್ರವೂ ಇಲ್ಲದೆ ಬೇಲಿ ಹಿಡಿದು ನಿಂತಿದ್ದಳು. ಬೀದಿಯ ತುಂಬ ಜನ. ಯಾರೂ ಒಂದು ಕುಹಕವನ್ನೂ ಆಡಲಿಲ್ಲ; ಜೆನೋವ್ಯ ಅಜ್ಜಿ ಕೂಡ. ಅವರ ಆ ಮೌನದಲ್ಲಿ ಕರುಣೆಯಿತ್ತೋ ಇಲ್ಲವೋ, ನಾನರಿಯೆ. ಅವನ ಕೈ ಶುದ್ಧವಾಗಿದ್ದಷ್ಟು ಕಾಲ ತಮ್ಮ ಹೆಂಚು, ತೊಲೆಗಳಿಗೆ ಒಂದು ಅಳತೆಗೋಲಿತ್ತು. ಈಗ ಅದು ಮುರಿದುಬಿದ್ದುದನ್ನು ಎಲ್ಲರೂ ಕಂಡರು.

ಇಲಾರಿಯೋನ್ ಆಮೇಲೆ ಒಂಬತ್ತು ವರ್ಷ ಬದುಕಿದ. ದೇಹಕ್ಕೆ ಏನೂ ಆಗಲಿಲ್ಲವೆಂದು ವೈದ್ಯರು ಹೇಳಿದರು. ಅವನು ಯಾರ ಮನೆಯ ಲೋಟವನ್ನೂ ಮತ್ತೆ ಮುಟ್ಟಲಿಲ್ಲ. ಮಗುವಿಗೆ ಜ್ಞಾನಪಿತನಾಗೆಂದು ಕೇಳಲು ಒಂದು ಮನೆಯವರು ಮತ್ತೆ ಬಂದಿದ್ದರಂತೆ. ಬಾಗಿಲು ತೆರೆಯದೆ ಒಳಗಿನಿಂದಲೇ ಬೇಡವೆಂದನಂತೆ. ಚರ್ಚಿಗೆ ಬಂದರೆ ಗೇಟಿನ ಹೊರಗೆ ನಿಲ್ಲುತ್ತಿದ್ದ. ನನ್ನಪ್ಪ ಹೋಗಿ, "ಒಳಗೆ ಬಾರೋ, ಚಳಿ," ಎನ್ನುತ್ತಿದ್ದ. "ಮೊದಲ್ನೇ ಪೀಪಾಯಿ ನಂದು, ಎರಡನೇದು ನಿಂದು. ಲೆಕ್ಕ ಮುಗೀತು." ಅವನು ತಲೆಯಾಡಿಸುತ್ತಿದ್ದ, ಒಳಗೆ ಬರುತ್ತಿರಲಿಲ್ಲ.

ಅಪ್ಪ ಅವನನ್ನು ಕ್ಷಮಿಸಿದ್ದು ನನಗೆ ಗೊತ್ತು, ಏಕೆಂದರೆ ಇಲಾರಿಯೋನ್ ಎಲ್ಲರೆದುರು ತಪ್ಪೊಪ್ಪಿಕೊಂಡ. ಅಪ್ಪನನ್ನು ಕಳ್ಳನೆಂದುಕೊಂಡ ನನ್ನ ತಪ್ಪನ್ನು ನಾನು ಒಪ್ಪಿಕೊಳ್ಳಲಿಲ್ಲ. ಆ ಸಂಜೆ ಲಾರಿಗಳು ಹೋದ ಮೇಲೆ ಅಪ್ಪ ಮತ್ತು ನಾನು ಜೊತೆಯಲ್ಲಿ ಮನೆಗೆ ನಡೆದೆವು. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ನಾಲಿಗೆಯಲ್ಲಿ ತಿರುಗಿಸಿದೆ. ಅಂಗಳದಲ್ಲಿ ಅಮ್ಮ ಬಗ್ಗಿ ಕೆಸರಿನಿಂದ ಎಲೆಕೋಸನ್ನು ಆಯುತ್ತಿದ್ದಳು. ಅಪ್ಪ ನಿಂತು, ಒದ್ದೆ ಅಂಗಿಯನ್ನು ಎದೆಯಿಂದ ಬಿಡಿಸಿಕೊಂಡು, ನನ್ನ ಕಡೆ ತಿರುಗಿದ.

"ಉಪ್ಪಿದೆಯಾ ಮನೇಲಿ?" ಎಂದು ಕೇಳಿದ.

"ಇದೆ," ಎಂದೆ.

"ಹಾಗಾದ್ರೆ ನಾಳೆ ಮತ್ತೆ ಹಾಕೋಣ," ಎಂದು ಅವನು ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕುಳಿತ. ನಾನು ಒಳಗೆ ಹೋಗಿ ಉಪ್ಪಿನ ಚೀಲವನ್ನು ಹುಡುಕಿದೆ.